ಒಳಗಿನ ಕೊಳವೆ

ಬೆಂಕಿ ಆರಿಸುವ ಸಿಲಿಂಡರುಗಳಿಗೆ ಗ್ಯಾಸು ತುಂಬುವ ಕೆಲಸವನ್ನು ನಾನು ಮೂವತ್ತೆಂಟು ವರ್ಷ ಮಾಡಿದೆ. ಓದು ಮೂರನೇ ಕ್ಲಾಸಿಗೇ ನಿಂತಿತ್ತು, ಆದರೆ ಕೈಗೆ ಬೇರೆ ವಿದ್ಯೆ ಹತ್ತಿತು. ಸಿಲಿಂಡರನ್ನು ಒಮ್ಮೆ ಎತ್ತಿ ಇಳಿಸಿದರೆ ಒಳಗೆ ಎಷ್ಟು ಗ್ಯಾಸಿದೆ ಎಂದು ಹೇಳಿಬಿಡುತ್ತಿದ್ದೆ. ಆಮೇಲೆ ತೂಕಕ್ಕಿಟ್ಟರೆ ಐವತ್ತು ಗ್ರಾಂ ಹೆಚ್ಚು ಕಡಿಮೆ, ಅಷ್ಟೇ. ಹಾಗಾಗಿ ಅಂಗಡಿಯಲ್ಲಿ ನನಗೆ ತೂಕದಣ್ಣ ಎಂದೇ ಹೆಸರು. ನಿಜವಾದ ಹೆಸರು ಸಂಬಳದ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು.

ಆ ಸಿಲಿಂಡರಿನ ಒಳಗೆ ಒಂದು ಕೊಳವೆ ಇರುತ್ತದೆ. ಹೊರಗಿನವರಿಗೆ ಕಾಣುವುದಿಲ್ಲ. ಬೆರಳಿಗಿಂತ ಸಪೂರ, ಬಾಯಿಯ ವಾಲ್ವಿಗೆ ಕಚ್ಚಿಕೊಂಡು ತಳದವರೆಗೆ ಇಳಿದಿರುತ್ತದೆ. ಒತ್ತಿ ತುಂಬಿದ ಗ್ಯಾಸು ಒಳಗೆ ನೀರಿನ ಹಾಗೆ ದ್ರವವಾಗಿ ತಳದಲ್ಲಿ ಕೂತಿರುತ್ತದೆ, ಅದರ ಮೇಲೆ ಬರೀ ಆವಿ. ಬೆಂಕಿಗೆ ಬೇಕಾದದ್ದು ತಳದ ದ್ರವ. ಕೊಳವೆ ಅದನ್ನು ಮೇಲಕ್ಕೆ ತಂದು ಉಗಿಯುತ್ತದೆ. ಕೊಳವೆ ಇಲ್ಲದಿದ್ದರೆ ಮೇಲಿನ ಆವಿ ಮಾತ್ರ ಬರುತ್ತದೆ.

ನಾನು ಕೆಲಸಕ್ಕೆ ಸೇರಿದ ಎರಡನೇ ವರ್ಷ ನಮ್ಮಿಂದ ಒಂದು ಸಿಲಿಂಡರ್ ಕೊಳವೆ ಇಲ್ಲದೆ ಹೊರಟುಹೋಯಿತು. ಹತ್ತಿ ಗೋದಾಮಿನಲ್ಲಿ ಬೆಂಕಿ ಬಿದ್ದಾಗ ಕಾವಲುಗಾರ ಅದನ್ನೇ ಹಿಡಿದು ಮುಂದೆ ನುಗ್ಗಿದ. ತಣ್ಣನೆ ಗಾಳಿ ಬಂತೇ ಹೊರತು ಬೆಂಕಿ ಜಗ್ಗಲಿಲ್ಲ. ಅವನ ಎರಡೂ ಮುಂಗೈ ಸುಟ್ಟವು. ಅವತ್ತಿನಿಂದ ಯಜಮಾನರು ಒಂದು ಪದ್ಧತಿ ಇಟ್ಟರು. ವಾಲ್ವನ್ನು ಕೂರಿಸುವ ಮುಂಚೆ, ಯಾರೇ ಆಗಲಿ, ‘ಕೊಳವೆ’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳುತ್ತಲೇ ಕೊಳವೆಯನ್ನು ತಿರುಗಿಸಿ ಕಚ್ಚಿಸಬೇಕು. ಮಿಕ್ಕದ್ದು ಆಮೇಲೆ. ಹೇಳದೆ ಮುಚ್ಚಿದವನಿಗೆ ಅವತ್ತು ಟೀ ಇಲ್ಲ. ನಾನು ಹೇಳುತ್ತ ಬಂದೆ, ದಿನಕ್ಕೆ ಇಪ್ಪತ್ತು ಮೂವತ್ತು ಸಲ. ಕೊನೆಕೊನೆಗೆ ಬಾಯಿ ಹೇಳಿದ್ದು ನನ್ನ ಕಿವಿಗೇ ಬೀಳುತ್ತಿರಲಿಲ್ಲ.

ಇದನ್ನು ಮೊದಲೇ ಹೇಳಿಬಿಟ್ಟೆ, ಯಾಕೆಂದರೆ ಮುಂದೆ ಆದದ್ದಕ್ಕೆಲ್ಲ ಬೇರು ಇಲ್ಲಿದೆ.

ನನ್ನ ಮಗಳು ಹೊಲಿಗೆ ಕಾರ್ಖಾನೆಯಲ್ಲಿದ್ದವಳು. ಬೆನ್ನು ಹಿಡಿದುಕೊಂಡ ಮೇಲೆ ಎಂಟು ತಾಸು ಬಗ್ಗಿ ಕೂರುವುದು ಆಗಲಿಲ್ಲ, ಬಿಟ್ಟು ಬಂದಳು. ಹಿಂದಿನ ಕೋಣೆಯಲ್ಲಿ ಗಾಜಿನ ತೊಟ್ಟಿಗಳನ್ನು ಸಾಲಾಗಿಟ್ಟು ನೀರೊಳಗೆ ಬೆಳೆಯುವ ಗಿಡಗಳನ್ನು ಸಾಕತೊಡಗಿದಳು. ನೆಂಟರು ನಕ್ಕರು. ಇವಳು ನೀರಲ್ಲಿ ಹುಲ್ಲು ಬೆಳೆಸುತ್ತಾಳಂತೆ, ಮೀನು ಮೇಯಿಸುತ್ತಾಳಂತೆ ಎಂದರು. ನನಗೆ ನಗು ಬರಲಿಲ್ಲ. ಅವಳು ಎಂಟು ವರ್ಷದವಳಿದ್ದಾಗ ಕೆರೆಯಿಂದ ಒಂದು ಎಳೆ ಗಿಡ ತಂದು ಗಾಜಿನ ಭರಣಿಯಲ್ಲಿ ಹಾಕಿ ಕಿಟಕಿಯಲ್ಲಿಟ್ಟಿದ್ದಳು. ಬಿಸಿಲು ಬಿದ್ದಾಗ ಎಲೆಯ ಅಂಚಿನಿಂದ ಸಾಸಿವೆಕಾಳಿನಷ್ಟು ಗುಳ್ಳೆಗಳು ಏಳುತ್ತಿದ್ದವು. ಅದ್ಯಾಕಪ್ಪಾ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಉಸಿರಾಡ್ತಿದೆ, ಹೋಗು ಎಂದುಬಿಟ್ಟೆ. ಆ ಉತ್ತರ ಸಾಲಲಿಲ್ಲ ಎಂದು ಅವಳ ಮುಖದಲ್ಲಿ ಬರೆದಂತಿತ್ತು. ಆ ಮುಖ ನನಗೆ ಇವತ್ತಿಗೂ ಕಾಣುತ್ತದೆ.

ಈಗ ಅವಳೇ ನನಗೆ ಹೇಳಿಕೊಟ್ಟಳು. ನೀರೊಳಗಿನ ಗಿಡಕ್ಕೆ ಬೆಳಕೊಂದೇ ಸಾಲದು, ಗ್ಯಾಸೂ ಬೇಕು. ನಾನು ಬೆಂಕಿ ಆರಿಸಲು ತುಂಬುತ್ತಿದ್ದ ಅದೇ ಕಾರ್ಬನ್ ಡೈಆಕ್ಸೈಡ್. ಅದನ್ನು ತಿಂದು ಗಿಡ ಒಳ್ಳೆಯ ಗಾಳಿ ಬಿಡುತ್ತದೆ, ಎಲೆಯ ಮೇಲಿನ ಗುಳ್ಳೆ ಅದೇ. ಗ್ಯಾಸು ಕಮ್ಮಿಯಾದರೆ ಕೆಂಪು ಗಿಡ ಕಂದು ಬಣ್ಣಕ್ಕೆ ತಿರುಗಿ ಕೊಳೆಯುತ್ತದೆ. ಹೆಚ್ಚಾದರೆ ಮೀನಿಗೆ ಉಸಿರು ಕಟ್ಟುತ್ತದೆ. ಎರಡರ ನಡುವೆ ಇರುವ ದಾರಿ ಬಹಳ ಸಪೂರ ಎಂದಳು.

ಅವಳು ಸಕ್ಕರೆ ನೀರಿಗೆ ಬ್ರೆಡ್ಡಿನ ಈಸ್ಟ್ ಹಾಕಿ ಬಾಟಲಿಗಳಲ್ಲಿ ಗ್ಯಾಸು ಮಾಡುತ್ತಿದ್ದಳು. ಅದು ಎರಡು ದಿನ ಹುಚ್ಚು ಹಿಡಿದ ಹಾಗೆ ಬರುತ್ತಿತ್ತು, ಐದನೇ ದಿನಕ್ಕೆ ಸತ್ತೇಹೋಗುತ್ತಿತ್ತು. ಒಮ್ಮೆ ಬಾಟಲಿ ಸಿಡಿದು ಹುಳಿ ಸಕ್ಕರೆ ಪಾಕ ಸೂರಿಗೆ ಹಾರಿತು. ವಾರವಿಡೀ ಮನೆಗೆಲ್ಲ ಇರುವೆ. ಅಂಗಡಿಯಲ್ಲಿ ಸಿಗುವ ಸಿಲಿಂಡರಿನ ಸೆಟ್ಟು ಅವಳ ಕೈಗೆ ಎಟುಕುವಂಥದ್ದಲ್ಲ.

ಅಂಥ ಹೊತ್ತಿಗೆ ಹಲ್ಲಿನ ಡಾಕ್ಟರೊಬ್ಬರ ಕೆಲಸ ಬಂತು. ಅವರ ದವಾಖಾನೆಯಲ್ಲಿ ರೋಗಿಗಳು ಕಾಯುವ ಕೋಣೆಗೆ ನಾಲ್ಕಡಿಯ ತೊಟ್ಟಿ, ತುಂಬ ಗಿಡ, ನಡುವೆ ಕೆಂಪು ಗಿಡದ ಗುಂಪು. ಮೀನು ಅವರದೇ. ಉಗುರಿನಷ್ಟುದ್ದದ, ಮೈಮೇಲೆ ನೀಲಿ ಗೆರೆ ಇರುವ ಅರವತ್ತೊಂದು ಮೀನು. ಪ್ರತಿದಿನ ಬೆಳಿಗ್ಗೆ ಬಾಗಿಲು ತೆಗೆದೊಡನೆ ಅವರು ಅವನ್ನು ಎಣಿಸುತ್ತಿದ್ದರಂತೆ. ಮಣ್ಣು ಕಲ್ಲು ಗಿಡ ಎಲ್ಲ ನಿಮ್ಮಿಷ್ಟ ಎಂದು ಮಗಳಿಗೆ ಹೇಳಿದ ಅವರು ಕೊನೆಗೆ ಒಂದು ಮಾತು ಸೇರಿಸಿದರು.

“ಗಿಡ ಸತ್ರೆ ಇನ್ನೊಂದು ನೆಡಿ, ನಾನೇನೂ ಅನ್ನಲ್ಲ. ಮೀನು ಸತ್ರೆ ಮಾತ್ರ ಆಮೇಲೆ ಈ ಕಡೆ ಬರಬೇಡಿ.”

ಅವರಿಗೆ ಇನ್ನೂ ಮೂರು ದವಾಖಾನೆಗಳಿದ್ದವು. ಇದು ಚೆನ್ನಾಗಿ ನಿಂತರೆ ನಾಲ್ಕೂ ಕಡೆ ತೊಟ್ಟಿ, ವಾರಕ್ಕೊಮ್ಮೆ ನೋಡಿಕೊಳ್ಳುವ ಕೆಲಸ ಮಗಳಿಗೇ. ಯಾರದೋ ಕೈಕೆಳಗೆ ಅಲ್ಲ, ಅವಳದೇ ಹೆಸರಿನಲ್ಲಿ. ಈ ಸುದ್ದಿ ಹೇಳುವಾಗ ಅವಳು ಬೆನ್ನು ನೋವನ್ನು ಮರೆತು ನೆಟ್ಟಗೆ ನಿಂತಿದ್ದಳು. ಈಸ್ಟ್ ಬಾಟಲಿ ನಂಬಿ ಅಲ್ಲಿಗೆ ಹೋಗುವ ಹಾಗಿರಲಿಲ್ಲ. ಗ್ಯಾಸು ನನಗೆ ಬಿಡು ಎಂದೆ.

ನನ್ನ ಜೊತೆ ದುಡಿದ, ನಾವೆಲ್ಲ ಮೀಸೆ ಎಂದು ಕರೆಯುತ್ತಿದ್ದವನು ಈಗ ಆ ತುಂಬುವ ಅಂಗಡಿಗೇ ಯಜಮಾನ. ಅವನ ಹಿತ್ತಲಿನ ಗುಜರಿಯಲ್ಲಿ ಎರಡು ಕೇಜಿಯ ಹಳೇ ಸಿಲಿಂಡರೊಂದು ಬಿದ್ದಿತ್ತು. ಹಿಡಿ ಒತ್ತುವ ಹೊಸ ಮಾದರಿಯಲ್ಲ, ಬಾಯಿಗೆ ಚಕ್ರ ಇರುವ ಹಳೇ ಮಾದರಿ. ಈಗ ಯಾರಿಗೂ ಬೇಡ, ನಮಗೆ ಅದೇ ಬೇಕಾಗಿತ್ತು. ಮೀಸೆ ಅದಕ್ಕೆ ನೀರು ತುಂಬಿ ಒತ್ತಡ ಕೊಟ್ಟು ನೋಡಿ, ಗಟ್ಟಿ ಇದೆ ಎಂದು ಅದರ ಕತ್ತಿನ ಮೇಲೆ ತಪಾಸಣೆಯ ಹೊಸ ತಾರೀಖು ಹೊಡೆದುಕೊಟ್ಟ. ಮುಚ್ಚಿಹೋದ ಒಂದು ವೆಲ್ಡಿಂಗ್ ಶಾಪಿನಿಂದ, ಗ್ಯಾಸಿನ ಒತ್ತಡ ತಗ್ಗಿಸುವ ಎರಡು ಗೇಜಿನ ರೆಗ್ಯುಲೇಟರ್ ಸಿಕ್ಕಿತು. ಎರಡನ್ನೂ ಜೋಡಿಸುವ ಹಿತ್ತಾಳೆ ಮೂತಿಯನ್ನು ಲೇತಿನವನು ಅರ್ಧ ದಿನದಲ್ಲಿ ತಿರುವಿಕೊಟ್ಟ. ಹೊಸದಾಗಿ ಕೊಂಡದ್ದು ಗ್ಯಾಸನ್ನು ಹನಿಹನಿಯಾಗಿ ಬಿಡುವ ಸೂಜಿ ವಾಲ್ವು ಒಂದೇ. ಗುಳ್ಳೆ ಎಣಿಸಲು ಪಕ್ಕದ ಮನೆಯ ನರ್ಸಮ್ಮ ತಾರೀಖು ಮುಗಿದ ಸಲೈನ್ ಪೈಪಿನ ಹನಿ ಬೀಳುವ ಬುರುಡೆ ಕೊಟ್ಟರು. ಅದಕ್ಕೆ ಅರ್ಧ ನೀರು ಹಾಕಿದರೆ ಒಂದೊಂದೇ ಗುಳ್ಳೆ ಟುಳುಕ್ ಎನ್ನುವುದು ಕಾಣುತ್ತದೆ. ಕೊನೆಗೆ, ತೊಟ್ಟಿಯೊಳಗೆ ಇಳಿಯುವ ಪೈಪಿನ ತುದಿಗೆ, ಬಿದಿರಿನ ಕಡ್ಡಿಯೊಂದನ್ನು ಕೆತ್ತಿ ಬಿಗಿಯಾಗಿ ತುರುಕಿದೆ. ಗ್ಯಾಸು ಬಿದಿರಿನ ನಾರಿನೊಳಗಿಂದ ನುಸುಳಿ ಹೊಗೆಯಂಥ ಸಣ್ಣ ಗುಳ್ಳೆಯಾಗಿ ಬಂತು. ಎಲ್ಲ ಸೇರಿ ಅಂಗಡಿಯವನು ಹೇಳಿದ್ದರಲ್ಲಿ ಕಾಲು ಭಾಗವೂ ಆಗಲಿಲ್ಲ.

ಕೊಳವೆ ತೆಗೆದೆಯಾ ಎಂದು ಮಗಳು ಮೊದಲ ದಿನವೇ ಕೇಳಿದ್ದಳು. ಎಲ್ಲೋ ಓದಿಕೊಂಡಿದ್ದಳು. ಗಿಡಕ್ಕೆ ಆವಿ ಬೇಕು, ದ್ರವ ಬಂದರೆ ರೆಗ್ಯುಲೇಟರ್ ಒಳಗೆ ಹಿಮಗಟ್ಟಿ ಕೆಟ್ಟುಹೋಗುತ್ತದೆ ಎಂದು ನನಗೂ ಗೊತ್ತಿತ್ತು. ಅವಳ ಎದುರಿಗೇ ಕೊಳವೆ ಬಿಚ್ಚಿ ಕಿಟಕಿಯ ಪಕ್ಕದ ಮೊಳೆಗೆ ನೇತುಹಾಕಿದೆ. ನನಗೇ ಪಾಠವಾ ಎಂದು ತಮಾಷೆ ಮಾಡಿದೆ. ತಮಾಷೆಯ ಒಳಗೆ ಸ್ವಲ್ಪ ಮುಳ್ಳೂ ಇತ್ತು.

ಎಂಟು ದಿನ ಮನೆಯಲ್ಲೇ ನಡೆಸಿ ನೋಡಿದೆವು. ಸೆಕೆಂಡಿಗೊಂದು ಗುಳ್ಳೆ. ಮಗಳು ತೊಟ್ಟಿಯ ಗಾಜಿಗೆ ಒಳಗಿನಿಂದ ಒಂದು ಪುಟ್ಟ ಗಾಜಿನ ಬುಡ್ಡಿ ಅಂಟಿಸಿದ್ದಳು. ಅದರಲ್ಲಿನ ನೀರು ನೀಲಿಯಿದ್ದರೆ ಗ್ಯಾಸು ಕಮ್ಮಿ, ಹಸಿರಾದರೆ ಸರಿ, ಹಳದಿಯಾದರೆ ಅಪಾಯ. ಎಂಟೂ ದಿನ ಹಸಿರು. ನಾಲ್ಕನೇ ದಿನ ಮಧ್ಯಾಹ್ನ ಅವಳು ಕರೆದಳು. ಕೆಂಪು ಎಲೆಗಳ ಅಂಚಿನಲ್ಲೆಲ್ಲ ಸಾಸಿವೆಕಾಳಿನಷ್ಟು ಗುಳ್ಳೆಗಳು ಕೂತಿದ್ದವು.

ಆದರೆ ದಿನಾ ಬೆಳಿಗ್ಗೆ ಸಿಲಿಂಡರನ್ನು ತೂಗುವ ನನ್ನ ಚಾಳಿ ಬಿಟ್ಟಿರಲಿಲ್ಲ. ದಿನಕ್ಕೆ ಹತ್ತು ಗ್ರಾಂ ಇಳಿಯಬೇಕಾದದ್ದು ಕೊನೆಯ ಎರಡು ದಿನ ಇಪ್ಪತ್ತೈದು ಇಳಿಯಿತು. ಕತ್ತಿಗೆ ಸೋಪಿನ ನೀರು ಸವರಿದೆ. ನಿಧಾನವಾಗಿ ಒಂದು ಗುಳ್ಳೆ ಊದಿಕೊಂಡಿತು. ವಾಲ್ವು ಕೂತಲ್ಲಿ ಸೋರುತ್ತಿತ್ತು. ಮರುದಿನ ಹತ್ತು ಗಂಟೆಗೆ ದವಾಖಾನೆಯಲ್ಲಿ ಜೋಡಿಸಬೇಕು.

ಬೆಳಿಗ್ಗೆ ಎಂಟಕ್ಕೇ ಮೀಸೆಯ ಅಂಗಡಿಗೆ ಹೋದೆವು. ಗಿಡದ ಟ್ರೇಗಳನ್ನು ಏರಿಸಿಕೊಂಡ ಬಾಡಿಗೆ ಗಾಡಿಯಲ್ಲಿ ಮಗಳು ಹೊರಗೆ ಕೂತಳು. ನಾನು ಒಳಗೆ ಹೋಗಿ ಉಳಿದ ಗ್ಯಾಸು ಬಿಟ್ಟು, ವಾಲ್ವು ಬಿಚ್ಚಿ, ಸೋರದ ಹಾಗೆ ತಿರುಪಿಗೆ ಸುತ್ತಿದ್ದ ಹಳೇ ಟೇಪು ಕೆರೆದು ತೆಗೆದು ಹೊಸದು ಸುತ್ತಿದೆ. ಅದೇ ನನ್ನ ಹಳೇ ಬೆಂಚು. ಎಡಗೈ ಹತ್ತಿರ ಟೇಪು, ಬಲಗೈ ಹತ್ತಿರ ಸ್ಪ್ಯಾನರು, ಎದುರಿಗೆ ಅದೇ ತಗಡಿನ ಡಬ್ಬ. ಆ ಬದಿ ಈ ಬದಿ ಇಬ್ಬರು ಕೆಲಸದವರು ಸಿಲಿಂಡರ್ ಮುಚ್ಚುತ್ತಿದ್ದರು. ಕೊಳವೆ, ಎಂದ ಒಬ್ಬ. ಕೊಳವೆ, ಎಂದ ಇನ್ನೊಬ್ಬ. ಹತ್ತು ನಿಮಿಷದಲ್ಲಿ ನನ್ನದೂ ಮುಗಿಯಿತು. ಮೀಸೆ ಗ್ಯಾಸು ತುಂಬಿದ. ಕತ್ತಿಗೆ ಸೋಪು ಸವರಿದೆವು, ಒಂದು ಗುಳ್ಳೆಯೂ ಏಳಲಿಲ್ಲ. ಎತ್ತಿ ನೋಡಿ, ಎರಡು ಕೇಜಿಗೆ ನಲವತ್ತು ಗ್ರಾಂ ಕಮ್ಮಿ ಎಂದೆ. ತೂಗಿದರೆ ಮೂವತ್ತು. ತೂಕದಣ್ಣನಿಗೆ ಇನ್ನೂ ತುಕ್ಕು ಹಿಡಿದಿಲ್ಲ ಎಂದು ಮೀಸೆ ಎಲ್ಲರಿಗೂ ಕೇಳುವ ಹಾಗೆ ಹೇಳಿದ. ನಾನು ಉಬ್ಬಿಕೊಂಡೇ ಗಾಡಿ ಹತ್ತಿದೆ.

“ಕೊಳವೆ ಹಾಕಿಲ್ಲ ತಾನೇ ಅಪ್ಪ?” ಎಂದಳು ಮಗಳು.

“ಎಷ್ಟು ಸಲ ಕೇಳ್ತೀಯೇ? ಮನೇಲಿ ಮೊಳೆಗೆ ನೇತಾಡ್ತಿದೆ, ನೋಡಿಲ್ವಾ? ನನಗೇನು ಅರಳುಮರಳಾ?”

ಬರುವಾಗ ಮೊಳೆಯ ಮೇಲೆ ಅದು ಇದ್ದದ್ದನ್ನು ಅವಳೂ ನೋಡಿದ್ದಳು. ಹೊರಡಪ್ಪ ಎಂದು ಗಾಡಿಯವನಿಗೆ ಹೇಳಿದಳು.

ದವಾಖಾನೆಯ ತೊಟ್ಟಿಯಲ್ಲಿ ಮಣ್ಣು, ಕಲ್ಲು, ಗಟ್ಟಿ ಜಾತಿಯ ಹಸಿರು ಗಿಡ ಮೂರು ವಾರದ ಹಿಂದೆಯೇ ಕೂತಿದ್ದವು. ಮೀನೂ ಒಗ್ಗಿಕೊಂಡಿದ್ದವು. ಅವತ್ತು ಗ್ಯಾಸು ಮತ್ತು ಕೆಂಪು ಗಿಡ ಮಾತ್ರ ಬಾಕಿ. ಸಿಲಿಂಡರನ್ನು ತೊಟ್ಟಿಯ ಮೇಜಿನ ಪಕ್ಕ ನೆಟ್ಟಗೆ ನಿಲ್ಲಿಸಿ ಪಟ್ಟಿಯಿಂದ ಮೇಜಿನ ಕಾಲಿಗೆ ಕಟ್ಟಿದೆ. ಚಕ್ರ ತಿರುಗಿಸಿ, ಸೂಜಿ ವಾಲ್ವು ಹದ ಮಾಡಿದೆ. ಸೆಕೆಂಡಿಗೊಂದು ಗುಳ್ಳೆ. ಒಂದೇ ಸಲಕ್ಕೆ ಎಲ್ಲ ಟ್ರೇ ಹಿಡಿಸಿರಲಿಲ್ಲ, ಉಳಿದವನ್ನು ತರಲು ಮಗಳು ಅದೇ ಗಾಡಿಯಲ್ಲಿ ಮನೆಗೆ ಹೋದಳು. ಒಂದೂವರೆ ತಾಸು ನೀನು ಅಲ್ಲಾಡಬೇಡ, ಗುಳ್ಳೆ ನೋಡ್ತಿರು ಎಂದು ಹೇಳಿ ಹೋದಳು.

ನಾನು ಅಲ್ಲಾಡಿದೆ.

ಮೇಜಿನ ಹಿಂದೆ ಕೂತು ಚೀಟಿ ಕೊಡುವ ಹೆಂಗಸು ಬಾಯಿ ಜೋರಿನವಳು. ನನ್ನ ಕೆಲಸ ಏನೆಂದು ಬಾಯಿ ಬಿಡಿಸಿದಳು. ಬೆಂಕಿ ಸಿಲಿಂಡರ್ ಎಂದದ್ದೇ, ಒಳಗಿನ ಓಣಿಯಲ್ಲಿ ಗೋಡೆಗೆ ನಮ್ಮದೂ ಎರಡಿವೆ, ಆರು ವರ್ಷದಿಂದ ಯಾರೂ ಮುಟ್ಟಿಲ್ಲ, ನೋಡಿ ಹೇಳಿ ತಾತ ಎಂದಳು. ನೋಡಿದೆ. ಒಂದನ್ನು ಇಳಿಸಿ ಎತ್ತಿದೆ, ಅರ್ಧ ಖಾಲಿ ಎಂದೆ. ಅವಳು ನಂಬಲಿಲ್ಲ. ಔಷಧಿ ಬಾಕ್ಸು ತೂಗುವ ಯಂತ್ರ ತರಿಸಿದಳು. ತೂಗಿ ತೋರಿಸಿದೆ. ಡಾಕ್ಟರೂ ಕೈಗವಸು ಹಾಕಿಕೊಂಡೇ ಬಂದು ನೋಡಿ ತಲೆದೂಗಿದರು. ಎರಡನೆಯದನ್ನೂ ಇಳಿಸಿದೆ. ಹೊಗಳಿಕೆ ನನ್ನನ್ನು ಅಲ್ಲಿ ಮುಕ್ಕಾಲು ಗಂಟೆ ಕಟ್ಟಿಹಾಕಿತು.

ಹೊರಗೆ ಬಂದಾಗ ಮೊದಲು ಕಿವಿಗೆ ಬಿತ್ತು. ಟುಳುಕ್ ಟುಳುಕ್ ಅಲ್ಲ, ಅನ್ನ ಕುದಿಯುವ ಸದ್ದು.

ಸಲೈನ್ ಬುರುಡೆಯಲ್ಲಿ ಗುಳ್ಳೆ ಎಣಿಸುವ ಹಾಗೇ ಇರಲಿಲ್ಲ. ಬಿದಿರಿನ ಕಡ್ಡಿ ಹಾರಿಹೋಗಿತ್ತು. ಪೈಪಿನ ತುದಿಯಿಂದ ಗ್ಯಾಸು ಗೋಲಿಯಷ್ಟು ದಪ್ಪದ ಗುಳ್ಳೆಗಳಾಗಿ ನುಗ್ಗುತ್ತಿತ್ತು. ರೆಗ್ಯುಲೇಟರ್ ಮೇಲೆ ಬೆಳ್ಳಗೆ ಹಿಮ ಕಟ್ಟಿತ್ತು. ಅರವತ್ತೊಂದು ಮೀನೂ ಮೇಲೆ ಬಂದು ನೀರಿಗೂ ಗಾಳಿಗೂ ನಡುವೆ ಬಾಯಿ ಬಡಿಯುತ್ತಿದ್ದವು. ಕೆಲವು ಓರೆಯಾಗಿ ತೇಲುತ್ತಿದ್ದವು. ಬಾಗಿಲ ಬಳಿ ದವಡೆ ಊದಿಕೊಂಡ ಒಬ್ಬ ಗಂಡಸು ಕೂತು, ಇದೂ ಒಂದು ಅಂದ ಎಂದುಕೊಂಡೋ ಏನೋ, ಸುಮ್ಮನೆ ನೋಡುತ್ತಿದ್ದ. ಮಗಳು ಇಲ್ಲೂ ಅಂಟಿಸಿದ್ದ ಬುಡ್ಡಿಯ ನೀರು ಇನ್ನೂ ನೀಲಿಯೇ ಇತ್ತು. ಅದಕ್ಕೆ ಸುದ್ದಿ ಮುಟ್ಟಲು ಒಂದು ತಾಸು ಬೇಕು. ಮೀನಿಗೆ ಮೊದಲೇ ಗೊತ್ತಾಗಿತ್ತು.

ಚಕ್ರಕ್ಕೆ ಕೈ ಹಾಕಿದೆ. ಬೆರಳು ಹಿಮಕ್ಕೆ ಅಂಟಿಕೊಂಡಿತು. ಎಳೆದುಕೊಂಡಾಗ ಚರ್ಮ ಸ್ವಲ್ಪ ಅಲ್ಲೇ ಉಳಿಯಿತು. ಅಂಗಿಯ ತುದಿಯನ್ನು ಸುತ್ತಿ ಎರಡೂ ಕೈಯಿಂದ ತಿರುಗಿಸಿ ಮುಚ್ಚಿದೆ. ನೀರೊಳಗಿನ ಗ್ಯಾಸನ್ನು ಓಡಿಸಬೇಕಾದರೆ ನೀರನ್ನು ಗಾಳಿಗೆ ಒಡ್ಡಬೇಕು, ಅಷ್ಟು ಗೊತ್ತಿತ್ತು. ರೋಗಿಗಳಿಗಿಟ್ಟಿದ್ದ ಕುಡಿಯುವ ನೀರಿನ ಸ್ಟೀಲ್ ಜಗ್ಗನ್ನು ನೆಲಕ್ಕೆ ಸುರಿದು ಖಾಲಿ ಮಾಡಿ, ತೊಟ್ಟಿಯಿಂದ ಮೊಗೆದು ಮೊಗೆದು ಮೇಲಿನಿಂದ ಸುರಿಯತೊಡಗಿದೆ. ನೆಲವೆಲ್ಲ ಒದ್ದೆಯಾಯ್ತು ಎಂದು ಚೀಟಿಯ ಹೆಂಗಸು ಬಾಯಿ ಮಾಡಿಕೊಂಡೇ ಬಂದಳು. ಮೀನುಗಳನ್ನು ನೋಡಿದಳು. ಬಾಯಿ ಮುಚ್ಚಿಕೊಂಡು ಕಿಟಕಿಗಳನ್ನೆಲ್ಲ ತೆರೆದಳು. ದವಡೆ ಊದಿದವನು ಎದ್ದು ಬಂದ. ಅವನಿಗೆ ಮಾತಾಡಲು ಆಗುತ್ತಿರಲಿಲ್ಲ. ಬಾಯಿ ಮುಕ್ಕಳಿಸುವ ಕಾಗದದ ಲೋಟ ಎರಡು ತೆಗೆದುಕೊಂಡು, ಎರಡೂ ಕೈಯಲ್ಲಿ ಹಿಡಿದು ತಾನೂ ಮೊಗೆದು ಸುರಿದ. ಒಳಗಿನಿಂದ ಅವನ ಸರದಿ ಕೂಗಿದರು. ಅವನು ಲೋಟ ಎತ್ತಿ ತೋರಿಸಿ ಬೇರೆಯವರನ್ನು ಕಳಿಸಿದ.

ಎಷ್ಟು ಹೊತ್ತು ಸುರಿದೆವೋ. ತೋಳು ನನ್ನದಲ್ಲ ಎನ್ನಿಸಿತು. ಓರೆಯಾಗಿದ್ದ ಮೀನೊಂದು ಮೊದಲು ನೆಟ್ಟಗಾಯಿತು. ಆಮೇಲೆ ಇನ್ನೊಂದು. ನಿಧಾನವಾಗಿ ಅವು ಮೇಲ್ಪದರ ಬಿಟ್ಟು ಕೆಳಗಿಳಿದವು. ಎರಡು ಮಾತ್ರ ನೆಟ್ಟಗಾಗಲಿಲ್ಲ. ಅವನ್ನು ಬೊಗಸೆಯಲ್ಲಿ ಎತ್ತಿ ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಇಟ್ಟುಕೊಂಡೆ. ಯಾಕೆ ಜೇಬಿಗೆ ಇಟ್ಟೆ ಎಂದು ಕೇಳಿದರೆ, ಯಾರೂ ನೋಡದಿರಲಿ ಎಂದೇ.

ಅಷ್ಟಾದ ಮೇಲೆ ಸಿಲಿಂಡರಿನ ಮುಂದೆ ಕೂತೆ. ಹಿಮ ಯಾಕೆ ಕಟ್ಟಿತು? ಹೀಗಾಗುವುದು ದ್ರವ ಬಂದಾಗ ಮಾತ್ರ. ಪಟ್ಟಿ ಬಿಚ್ಚಿ ಸಿಲಿಂಡರನ್ನು ಮೆಲ್ಲಗೆ ಒಂದು ಬದಿಗೆ ವಾಲಿಸಿದೆ. ಒಳಗಿನಿಂದ ಟಿಣ್ ಎಂದು ಸಣ್ಣ ಸದ್ದು. ಕೊಳವೆಯ ತುದಿ ಉಕ್ಕಿನ ಗೋಡೆಗೆ ತಗಲುವ ಸದ್ದು. ಆ ಸದ್ದನ್ನು ನಾನು ನಿದ್ದೆಯಲ್ಲೂ ಗುರುತಿಸಬಲ್ಲೆ.

ಮನೆಯ ಮೊಳೆಯ ಮೇಲಿದ್ದದ್ದು ಅಲ್ಲೇ ಇತ್ತು. ಆದರೆ ಮೀಸೆಯ ಬೆಂಚಿನ ತಗಡಿನ ಡಬ್ಬದ ತುಂಬ ಕೊಳವೆಗಳಿದ್ದವು. ಆ ಬದಿಯವನು ಕೊಳವೆ ಎಂದ, ಈ ಬದಿಯವನು ಕೊಳವೆ ಎಂದ, ನಡುವೆ ನಾನೂ ಕೊಳವೆ ಎಂದಿರಬೇಕು. ನನ್ನ ಬಾಯಿ ಹೇಳಿತು, ಕೈ ಮಾಡಿತು, ನನಗೆ ಗೊತ್ತೇ ಆಗಲಿಲ್ಲ.

ಅದರ ಹಿಂದೆಯೇ ತಲೆ ಇನ್ನೊಂದು ಲೆಕ್ಕ ಹಾಕಿತು. ಕೊಳವೆ ತಳಕ್ಕೆ ಇಳಿದಿದೆ. ಸಿಲಿಂಡರನ್ನು ತಲೆಕೆಳಗೆ ಮಾಡಿದರೆ ದ್ರವ ಬಾಯಿಯ ಕಡೆಗೆ ಇಳಿಯುತ್ತದೆ, ಕೊಳವೆಯ ತುದಿ ಮೇಲಿನ ಆವಿಯಲ್ಲಿ ಉಳಿಯುತ್ತದೆ. ಆಗ ಬರುವುದು ಆವಿ. ರೆಗ್ಯುಲೇಟರಿನ ಹಿಮ ಕರಗುವ ತನಕ ಕಾದೆ. ಒಂದು ಸ್ಟೂಲನ್ನು ಮಗುಚಿ ಅದರ ನಾಲ್ಕು ಕಾಲುಗಳ ನಡುವೆ ಸಿಲಿಂಡರನ್ನು ತಲೆಕೆಳಗಾಗಿ ಕೂರಿಸಿ ಪಟ್ಟಿ ಬಿಗಿದೆ. ಹೊಸ ಕಡ್ಡಿ ಕೆತ್ತಿ ಹಾಕಿದೆ. ಚಕ್ರ ತಿರುಗಿಸಿದೆ. ಸೆಕೆಂಡಿಗೊಂದು ಗುಳ್ಳೆ. ಹಿಮ ಇಲ್ಲ, ಕುದಿಯುವ ಸದ್ದಿಲ್ಲ. ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂದು ಅನ್ನಿಸಿತು.

ಮಗಳು ಟ್ರೇ ಹಿಡಿದು ಒಳಗೆ ಬಂದಳು. ಒದ್ದೆ ನೆಲ ನೋಡಿದಳು, ತಲೆಕೆಳಗಾದ ಸಿಲಿಂಡರ್ ನೋಡಿದಳು. ಟ್ರೇಯನ್ನು ಕುರ್ಚಿಯ ಮೇಲಿಟ್ಟು, ಬಂದು, ಚಕ್ರವನ್ನು ಮುಚ್ಚಿದಳು. ಆಮೇಲೆ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದಳು.

“ಮೀನು ಈಗಷ್ಟೇ ಸುಧಾರಿಸ್ಕೊಂಡಿವೆ. ಮತ್ತೆ ಗ್ಯಾಸು ಬಿಟ್ಟಿದ್ದೀಯಲ್ಲ ಅಪ್ಪ.”

ಎಲ್ಲ ತಿಳಿದುಬಿಟ್ಟಿತ್ತು ಅವಳಿಗೆ. ಅದೇ ಹೊತ್ತಿಗೆ ಡಾಕ್ಟರು ಒಬ್ಬ ರೋಗಿಯನ್ನು ಕಳಿಸಲು ಹೊರಗೆ ಬಂದರು. ಸಿಲಿಂಡರ್ ಯಾಕೆ ತಲೆಕೆಳಗಿದೆ ಎಂದು ಕೇಳಿದರು.

“ಇದು ಹೀಗೇ ಇಡೋದು ಡಾಕ್ಟ್ರೇ,” ಎಂದಳು ಮಗಳು. “ಈ ತರದ್ದು.”

ನನ್ನ ಕಡೆ ನೋಡಲಿಲ್ಲ. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿಲ್ಲ, ಕಿವಿ ಕೆಂಪಾಗಿತ್ತು. ಡಾಕ್ಟರು ಸರಿ ಎಂದು ತಿರುಗಿದರು. ಆಗ ಚೀಟಿಯ ಹೆಂಗಸು ತನ್ನ ಪಾಡಿಗೆ ತಾನು ಒಂದು ಮಾತು ಅಂದಳು. ನಮ್ಮ ಗುಡಿಸೋವಳು ಇದನ್ನ ಹೀಗೆ ಬಿಡೋದಿಲ್ಲ, ಯಾರೋ ಉರುಳಿಸಿದಾರೆ ಅಂತ ಸಾಯಂಕಾಲವೇ ನೆಟ್ಟಗೆ ನಿಲ್ಲಿಸ್ತಾಳೆ, ನೀವು ಬೇಕಾದ್ರೆ ಬರೆದು ಅಂಟಿಸಿ, ಅವಳಿಗೆ ಓದೋಕೆ ಬರಲ್ಲ ಎಂದಳು.

ನನಗೂ ಓದು ಅಷ್ಟಕ್ಕಷ್ಟೇ. ಆ ಗುಡಿಸುವವಳ ಕೈ ನನಗೆ ಕಣ್ಣಿಗೆ ಕಟ್ಟಿತು. ದಿನಾ ಮಾಡುವ ಕೈ, ಬಿದ್ದದ್ದನ್ನು ನೆಟ್ಟಗೆ ಮಾಡುವ ಕೈ, ಕೇಳದೆಯೇ ಮಾಡುತ್ತದೆ. ನಾವು ಚಕ್ರ ಮತ್ತೆ ತೆರೆದು ಹೋದರೆ ರಾತ್ರಿಯಿಡೀ ದ್ರವ ನುಗ್ಗುತ್ತದೆ, ಬೆಳಿಗ್ಗೆ ಡಾಕ್ಟರು ಬಾಗಿಲು ತೆಗೆದು ಎಣಿಸಲು ನಿಲ್ಲುತ್ತಾರೆ. ಎಣಿಸಲು ಏನೂ ಇರುವುದಿಲ್ಲ.

“ಡಾಕ್ಟ್ರೇ,” ಎಂದೆ. “ಅದು ಹೀಗೆ ಇಡೋದಲ್ಲ. ನಾನು ತಪ್ಪು ಮಾಡಿದೀನಿ. ಒಳಗೊಂದು ಕೊಳವೆ ಇರಬಾರದಿತ್ತು, ಹಾಕಿಬಿಟ್ಟಿದೀನಿ. ಇವಳು ಕೇಳಿದ್ಲು, ಹಾಕಿಲ್ಲ ಅಂದೆ.”

ಅವರು ತೊಟ್ಟಿಯ ಮುಂದೆ ಬಗ್ಗಿದರು. ತುಟಿ ಅಲ್ಲಾಡುತ್ತಿತ್ತು. ಮೀನು ನಿಂತಲ್ಲಿ ನಿಲ್ಲುವುದಿಲ್ಲ, ಎಣಿಸಲು ಹೊತ್ತು ಹಿಡಿಯಿತು. ಎರಡು ಸಲ ಎಣಿಸಿದರು.

“ಐವತ್ತೊಂಬತ್ತು.”

ಜೇಬಿನಿಂದ ಕರವಸ್ತ್ರ ತೆಗೆದು ಬಿಚ್ಚಿದೆ. ನೀಲಿ ಗೆರೆ ಆಗಲೇ ಮಂಕಾಗಿತ್ತು. ಅವರು ಅವೆರಡನ್ನೂ ತಮ್ಮ ಅಂಗೈಗೆ ಹಾಕಿಕೊಂಡರು. ಸಿಲಿಂಡರ್ ಇವತ್ತೇ ತೆಗೆದುಕೊಂಡು ಹೋಗಿ ಎಂದರು. ಗಿಡ ಇರಲಿ, ಮಿಕ್ಕದ್ದು ಯೋಚಿಸಿ ಹೇಳ್ತೀನಿ ಎಂದು ಒಳಗೆ ಹೋದರು. ಬಾಗಿಲನ್ನು ಜೋರಾಗಿ ಹಾಕಲಿಲ್ಲ. ಹಾಕಿದ್ದರೆ ಮನಸ್ಸಿಗೆ ಎಷ್ಟೋ ಹಗುರಾಗುತ್ತಿತ್ತು.

ಮಗಳು ಆ ಕೆಂಪು ಗಿಡಗಳನ್ನು ಒಂದೂ ಬಿಡದೆ ನೆಟ್ಟಳು. ಚಿಮಟಿಗೆಯಲ್ಲಿ ಒಂದೊಂದೇ ಕಾಂಡ ಹಿಡಿದು ಮಣ್ಣಿಗೆ ಒತ್ತಿದಳು. ಆ ಬೆನ್ನಿನಲ್ಲಿ ಎರಡು ತಾಸು ಬಗ್ಗಿದ್ದಳು. ವಾಪಸು ಬರುವಾಗ ಸಿಲಿಂಡರನ್ನು ನನಗೆ ಕೊಡಲಿಲ್ಲ, ಬೆನ್ನು ನೋವಿದ್ದರೂ ತಾನೇ ತೊಡೆಯ ಮೇಲಿಟ್ಟುಕೊಂಡಳು. ಅರ್ಧ ದಾರಿಯಲ್ಲಿ, ಸಾಯಂಕಾಲ ನಾನೇ ಬಂದು ಸರಿ ಮಾಡ್ತಿದ್ದೆ, ಅಲ್ಲೇ ಹೇಳಲೇಬೇಕಿತ್ತಾ ಎಂದಳು. ನೀನು ಬರೋಕೆ ಮುಂಚೆ ಗುಡಿಸೋವಳು ಬಂದಿದ್ರೆ ಎಂದೆ. ಮನೆ ಬಾಗಿಲಲ್ಲಿ ಇಳಿದ ಮೇಲೆ ಮಾತ್ರ ಇನ್ನೊಂದು ಮಾತು ಹೇಳಿದಳು.

“ನಾನು ಕೇಳಿದ್ದೆ ಅಪ್ಪ.”

ಬೈದಿದ್ದರೆ ಮರೆಯುತ್ತಿದ್ದೆ.

ಮರುದಿನ ಸಿಲಿಂಡರ್ ಖಾಲಿ ಮಾಡಿ ಅವಳ ಎದುರಿಗೆ ವಾಲ್ವು ಬಿಚ್ಚಿದೆ. ಕೊಳವೆ ಹೊರಗೆ ಬಂತು. ಅದನ್ನೂ ಅದೇ ಮೊಳೆಗೆ ನೇತುಹಾಕಿದಳು. ಒಂದರ ಪಕ್ಕ ಒಂದು, ಗಾಳಿಗೆ ಟಿಣ್ ಟಿಣ್ ಎನ್ನುತ್ತಿದ್ದವು. ಮೀಸೆ ತನ್ನ ಅಂಗಡಿಯಲ್ಲಿ ಇನ್ನೊಮ್ಮೆ ತುಂಬಿಕೊಟ್ಟ. ಈ ಸಲ ಅವಳು ಬೆಂಚಿನ ಪಕ್ಕದಲ್ಲೇ ನಿಂತಿದ್ದಳು. ಕೆಲಸದವರು ಕೊಳವೆ ಎಂದಾಗಲೆಲ್ಲ ನನ್ನ ಕೈಯನ್ನೇ ನೋಡುತ್ತಿದ್ದಳು. ಆಮೇಲೆ ಮನೆಯ ತೊಟ್ಟಿಗೆ ಜೋಡಿಸಿ ನಡೆಸಿದೆವು. ದವಾಖಾನೆಯಿಂದ ಸುದ್ದಿಯಿಲ್ಲ. ಗ್ಯಾಸಿಲ್ಲದೆ ಅಲ್ಲಿಯ ಕೆಂಪು ಗಿಡ ಎಷ್ಟು ದಿನ ತಡೆದೀತು ಎಂದು ಅವಳು ಬಾಯಿಬಿಟ್ಟು ಹೇಳಲಿಲ್ಲ, ದಿನಾ ಬೆಳಿಗ್ಗೆ ಬೆರಳು ಮಡಿಚುವುದು ಮಾತ್ರ ಕಾಣುತ್ತಿತ್ತು. ಆರಾಯಿತು, ಏಳಾಯಿತು. ನಾನು ಊಟಕ್ಕೆ ಕೂತರೂ ಫೋನಿನ ಕಡೆಗೇ ಕಿವಿ.

ಒಂಬತ್ತನೇ ದಿನ ಚೀಟಿಯ ಹೆಂಗಸು ಫೋನು ಮಾಡಿದಳು. ಸಿಲಿಂಡರ್ ತರಬೇಕಂತೆ. ಜೊತೆಗೆ ಆ ಕೊಳವೆಯನ್ನೂ ತರಬೇಕಂತೆ, ಡಾಕ್ಟರು ಕಣ್ಣಾರೆ ನೋಡಬೇಕಂತೆ. ದವಡೆಯವರು ಎರಡು ಸಲ ಬಂದು ಮೀನು ಹೇಗಿವೆ ಎಂದು ಕೇಳಿಹೋದರು ಎಂದೂ ಹೇಳಿದಳು.

ಅವತ್ತೇ ಹೋಗಿ ಕೊಳವೆಯನ್ನು ಆ ಹೆಂಗಸಿನ ಮೇಜಿನ ಮೇಲೆ ಎಲ್ಲರಿಗೂ ಕಾಣುವ ಹಾಗೆ ಇಟ್ಟೆ. ಡಾಕ್ಟರು ಅದನ್ನು ಎತ್ತಿ ಬೆಳಕಿಗೆ ಹಿಡಿದು ಒಳಗೆ ನೋಡಿದರು. ಮಗಳು ಸಿಲಿಂಡರ್ ಜೋಡಿಸುತ್ತಿದ್ದಳು. ಅವಳಿಗೆ ಕೇಳದ ಹಾಗೆ ಅವರು ನನ್ನ ಹತ್ತಿರ ಸರಿದು, ತಾವು ಕೆಲಸ ಶುರು ಮಾಡಿದ ಹೊಸದರಲ್ಲಿ ಒಬ್ಬ ಹೆಂಗಸಿನ ನೋವಿಲ್ಲದ ಹಲ್ಲು ಕಿತ್ತದ್ದನ್ನು ಹೇಳಿದರು. ಪಕ್ಕದ್ದು ಕೀಳಬೇಕಾಗಿತ್ತು.

“ನಾನು ಆಕೆಗೆ ಹೇಳ್ಲೇ ಇಲ್ಲ,” ಎಂದರು. ಕೊಳವೆಯನ್ನು ಮೇಜಿನ ಮೇಲಿಟ್ಟು ಒಳಗೆ ಹೋದರು.

ಅವತ್ತು ಸಂಜೆಯವರೆಗೆ ಅಲ್ಲೇ ಕೂತೆ. ಯಾರು ಏನು ತೋರಿಸಲು ಕರೆದರೂ ಏಳಲಿಲ್ಲ. ಐದು ಗಂಟೆಗೆ ಗುಡಿಸುವವಳು ಬಂದಳು. ನೆಟ್ಟಗೆ ನಿಂತ ಸಿಲಿಂಡರಿನ ಸುತ್ತ ಬಟ್ಟೆ ಆಡಿಸಿ, ಅದನ್ನು ಮುಟ್ಟದೆ ಹೋದಳು.

ಈಗ ನಾಲ್ಕು ದವಾಖಾನೆಗಳ ಸಿಲಿಂಡರೂ ಸರದಿ ಮೇಲೆ ನನ್ನ ಹತ್ತಿರ ಬರುತ್ತವೆ. ಬಿಚ್ಚಿ ಮುಚ್ಚುವುದೆಲ್ಲ ಮನೆಯಲ್ಲೇ, ಮೀಸೆಯ ಬೆಂಚಿನ ಮುಂದೆ ನಾನು ಕೂರುವುದಿಲ್ಲ. ವಾಲ್ವು ಕೈಗೆತ್ತಿಕೊಂಡೊಡನೆ ಮಗಳು ಎಲ್ಲಿದ್ದರೂ, ಒಲೆಯ ಮುಂದಿರಲಿ, ತೊಟ್ಟಿಯೊಳಗೆ ಮೊಣಕೈವರೆಗೆ ಮುಳುಗಿರಲಿ, ಅಲ್ಲಿಂದಲೇ ಕೂಗುತ್ತಾಳೆ.

“ಅಪ್ಪ, ಕೊಳವೆ?”

ನಾನು ವಾಲ್ವನ್ನು ಪಕ್ಕಕ್ಕಿಟ್ಟು, ಎರಡೂ ಖಾಲಿ ಅಂಗೈಯನ್ನು ಬಾಗಿಲ ಕಡೆಗೆ ಎತ್ತಿ ತೋರಿಸುತ್ತೇನೆ. ಅವಳು ಬಂದು ನೋಡಿ ಹೂಂ ಎಂದ ಮೇಲೆಯೇ ಮುಚ್ಚುತ್ತೇನೆ.